ಕ್ಯೂಆರ್ ಹಲಗೆ ತೆಗೆದವರು, ಮತ್ತೆ ಹಾಕಿದವರು: ತುಮಕೂರಿನ ಅಂಗಡಿ, ಸಂಬಳ, ಸಂಸಾರ ಮತ್ತು ಬದಲಾದ ತೆರಿಗೆ

ಚಿಕ್ಕಪೇಟೆ ದಿನಸಿ ಅಂಗಡಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಚಿಕ್ಕಪೇಟೆಯಲ್ಲಿ ನಮ್ಮದೊಂದು ದಿನಸಿ ಅಂಗಡಿ ಇದೆ. ಮಾವನವರು ಹಾಕಿದ ಅಂಗಡಿ. ಈಗ ನಾನೂ ಯಜಮಾನರೂ ನೋಡಿಕೊಳ್ಳುತ್ತೇವೆ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಹಣದ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನಿಮಗೆಲ್ಲ ನೆನಪಿರುತ್ತದೆ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದ ಸುದ್ದಿ ಓದಿದ ದಿನ ನಮ್ಮ ಬೀದಿಯಲ್ಲಿ ಬಹಳ ಜನ ಕ್ಯೂಆರ್ ಹಲಗೆ ತೆಗೆದು ಒಳಗಿಟ್ಟರು. ನಾವೂ ಇಟ್ಟೆವು. ನಮಗೆ ನೋಟಿಸ್ ಬಂದಿರಲಿಲ್ಲ, ಆದರೆ ಮಾವನವರು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಜೊತೆ ಸಭೆ ನಡೆಸಿ, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಬೀದಿ ತಣ್ಣಗಾಯಿತು. ಹಲಗೆಗಳು ಮಾತ್ರ ಎಲ್ಲರ ಅಂಗಡಿಗೂ ವಾಪಸ್ ಬರಲಿಲ್ಲ.

ಈಗ ನನ್ನ ಸಮಸ್ಯೆ. 2025ರ ಏಪ್ರಿಲ್‌ನಿಂದ ನಗದು ಮತ್ತು ಯುಪಿಐ ಎರಡನ್ನೂ ಸೇರಿಸಿ ಪ್ರತಿ ರಾತ್ರಿ ಬರೆದಿಟ್ಟಿದ್ದೇನೆ. ಈ 2026ರ ಸಂಕ್ರಾಂತಿಯ ಎಳ್ಳು, ಬೆಲ್ಲ, ಸಕ್ಕರೆ ಅಚ್ಚಿನ ವ್ಯಾಪಾರ ಮುಗಿಸಿ ಕೂಡಿ ನೋಡಿದರೆ 41 ಲಕ್ಷದ 20 ಸಾವಿರ. ಇದರಲ್ಲಿ ಹಾಲು, ಬಿಡಿ ಅಕ್ಕಿ, ಬಿಡಿ ರಾಗಿ, ಉಂಡೆ ಬೆಲ್ಲ ಮುಂತಾದ ತೆರಿಗೆಯೇ ಇಲ್ಲದ ಸಾಮಾನು 19 ಲಕ್ಷದ 50 ಸಾವಿರ. ಸೋಪು, ಎಣ್ಣೆ, ಬಿಸ್ಕತ್ತು, ಪ್ಯಾಕೆಟ್ ಸಾಮಾನು 21 ಲಕ್ಷದ 70 ಸಾವಿರ. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ಎಂದು ಗೊತ್ತು. ಆ 40 ಲಕ್ಷವನ್ನು ಎಣಿಸುವುದು ಯಾವುದರ ಮೇಲೆ? ಒಬ್ಬ ಏಜೆಂಟರು ಬಂದು, ನೋಂದಣಿಗೆ 15 ಸಾವಿರ ಆಗುತ್ತದೆ, ಇಲ್ಲದಿದ್ದರೆ ಅಂಗಡಿಗೆ ಬೀಗ ಬೀಳುತ್ತದೆ ಎಂದು ಹೆದರಿಸಿ ಹೋದರು. ಗೊತ್ತಿರುವವರು ದಯವಿಟ್ಟು ಹೇಳಿ. ಅಂಗಡಿಯವರು ಮಾತ್ರವಲ್ಲ, ಸಂಬಳದವರು, ಮನೆ ನಡೆಸುವವರು ಎಲ್ಲರೂ ಬರೆಯಿರಿ. ಒಂದೇ ವರ್ಷದಲ್ಲಿ ಇಷ್ಟೊಂದು ಬದಲಾಗಿದೆ. ಯಾರಿಗೆ ಏನಾಯಿತು ಎಂದು ಒಂದೇ ಕಡೆ ತಿಳಿಯಲಿ.

ಅಂತರಸನಹಳ್ಳಿ ಸೊಪ್ಪು

ಅಕ್ಕ, ನನಗೆ ತಿಳಿದಂತೆ ತೆರಿಗೆ ಇರುವ ಸಾಮಾನನ್ನು ಮಾತ್ರ ಎಣಿಸಬೇಕು. ನಿಮ್ಮದು 21 ಲಕ್ಷ, ಅಂದರೆ ಮಿತಿಯ ಅರ್ಧ. ನೆಮ್ಮದಿಯಾಗಿರಿ. ನಮ್ಮ ಅಮ್ಮ ಮಾರುಕಟ್ಟೆಯಲ್ಲಿ ಸೊಪ್ಪು, ತರಕಾರಿ ಮಾರುತ್ತಾರೆ. ಯುಪಿಐ ಹಣ ಎಷ್ಟೇ ಬರಲಿ, ತರಕಾರಿಗೆ ತೆರಿಗೆ ಇಲ್ಲ, ನೋಂದಣಿಯೂ ಬೇಡ ಎಂದು ನಮಗೆ ತಿಳಿದವರು ಹೇಳಿದ್ದಾರೆ.

ಲೆಕ್ಕದ ಮನೆ

ಜಿಎಸ್‌ಟಿ ರಿಟರ್ನ್ ಸಲ್ಲಿಸುವುದೇ ನನ್ನ ಕಸುಬು, ಆದ್ದರಿಂದ ಇಲ್ಲಿ ತಡೆದು ಹೇಳಲೇಬೇಕು. ತಮ್ಮ, ನಿಮ್ಮ ಅಮ್ಮನ ವಿಷಯದಲ್ಲಿ ನೀವು ಹೇಳಿದ್ದು ಸರಿ. ದಿನಸಿ ಅಂಗಡಿಯವರ ವಿಷಯದಲ್ಲಿ ತಪ್ಪು. ಬಹಳ ಜನ ಎಡವುವುದು ಇಲ್ಲಿಯೇ.

ತೆರಿಗೆ ಇಲ್ಲದ ಸಾಮಾನನ್ನು ಮಾತ್ರ ಮಾರುವವರಿಗೆ ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಡ. ತರಕಾರಿ, ಹೂವು, ಎಳನೀರು, ಹಾಲು ಎಲ್ಲವೂ ಹಾಗೆಯೇ. ಅದೇ ತರಕಾರಿ ಅಂಗಡಿಯ ಮೂಲೆಯಲ್ಲಿ ಮಸಾಲೆ ಪ್ಯಾಕೆಟ್ಟನ್ನೋ ಎಣ್ಣೆ ಪ್ಯಾಕೆಟ್ಟನ್ನೋ ನೇತುಹಾಕಿದರೆ ‘ಮಾತ್ರ’ ಎಂಬ ಮಾತು ಬಿದ್ದುಹೋಗುತ್ತದೆ. ಆಗ 40 ಲಕ್ಷದ ಎಣಿಕೆಗೆ ತೆರಿಗೆ ಇರುವುದೂ ಇಲ್ಲದಿರುವುದೂ ಎರಡೂ ಸೇರುತ್ತವೆ. ಕಾನೂನಿನಲ್ಲಿ ಅದಕ್ಕೆ ಒಟ್ಟು ವಹಿವಾಟು ಎಂದೇ ಹೆಸರು. ಮೇಡಂ, ನಿಮ್ಮದು 41 ಲಕ್ಷದ 20 ಸಾವಿರ. ಮಿತಿ ದಾಟಿದೆ.

ಗಾಬರಿಯಾಗಬೇಡಿ. ನೋಂದಣಿಗೆ ಒಟ್ಟು ವಹಿವಾಟನ್ನು ಎಣಿಸುತ್ತಾರೆಯೇ ಹೊರತು ತೆರಿಗೆ ಬೀಳುವುದು ತೆರಿಗೆ ಇರುವ ಸಾಮಾನಿನ ಮೇಲೆ ಮಾತ್ರ. ಅದೂ ಮಿತಿ ದಾಟಿದ ಮೇಲೆ ಆಗುವ ವ್ಯಾಪಾರದ ಮೇಲೆ. ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿದರೆ ದಂಡದ ಮಾತೇ ಇಲ್ಲ. ಸರ್ಕಾರ ನೋಂದಣಿಗೆ ಒಂದು ರೂಪಾಯಿ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ. 15 ಸಾವಿರ ಎಂದದ್ದು ಆ ಏಜೆಂಟರ ಸ್ವಂತ ಕೂಲಿ. 2025ರ ನವೆಂಬರ್ 1ರಿಂದ ಹೊಸ ವ್ಯವಸ್ಥೆಯೂ ಬಂದಿದೆ: ನೋಂದಾಯಿತ ಗ್ರಾಹಕರಿಗೆ ಮಾರುವುದರ ಮೇಲಿನ ತೆರಿಗೆ ತಿಂಗಳಿಗೆ ಎರಡೂವರೆ ಲಕ್ಷ ಮೀರದ ಸಣ್ಣವರು ಅದನ್ನು ಆಯ್ದುಕೊಂಡರೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಸಿಗುತ್ತದೆ.

ಅಂತರಸನಹಳ್ಳಿ ಸೊಪ್ಪು

ತಪ್ಪು ತಿದ್ದಿದ್ದಕ್ಕೆ ವಂದನೆ ಸರ್. ಅಕ್ಕ, ಕ್ಷಮಿಸಿ, ನನ್ನ ಮಾತು ಕೇಳಿ ಸುಮ್ಮನಿದ್ದುಬಿಡಬೇಡಿ. ಅಮ್ಮನ ಗಾಡಿಯಲ್ಲಿ ಪಲಾವ್ ಪುಡಿಯ ಪ್ಯಾಕೆಟ್‌ಗಳು ಇರುತ್ತವೆ, ದಿನಕ್ಕೆ ಐದಾರು ಹೋಗುತ್ತವೆ. ವರ್ಷದ ಒಟ್ಟು ವಹಿವಾಟು 40 ಲಕ್ಷದ ಹತ್ತಿರವೂ ಇಲ್ಲವಾದ್ದರಿಂದ ಭಯವಿಲ್ಲ. ಆದರೂ ಇವತ್ತು ಬರೆದಿಟ್ಟುಕೊಂಡೆ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ

ನಾನು ಕ್ಯಾತ್ಸಂದ್ರದಲ್ಲಿ ಇಪ್ಪತ್ತೆರಡು ವರ್ಷದಿಂದ ತಟ್ಟೆ ಇಡ್ಲಿ ಹೋಟೆಲ್ ನಡೆಸುತ್ತಿದ್ದೇನೆ. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚುತ್ತೇವೆ. ನನ್ನ ಸಂಕಟ ಬೇರೆ. ನಿಮಗೆಲ್ಲ 40 ಲಕ್ಷ, ನಮಗೆ 20 ಲಕ್ಷ. ಹೋಟೆಲ್ ಊಟ, ತಿಂಡಿ ಸೇವೆಯ ಲೆಕ್ಕಕ್ಕೆ ಬರುತ್ತದಂತೆ. 20 ಲಕ್ಷವನ್ನು 365ರಿಂದ ಭಾಗಿಸಿ ನೋಡಿ: ದಿನಕ್ಕೆ 5,480 ರೂಪಾಯಿ. ಇಡ್ಲಿ, ಚಿತ್ರಾನ್ನ, ಕಾಫಿ ಮಾರುವ ಯಾವ ಹೋಟೆಲಾದರೂ ನಾಲ್ಕು ಜನ ಆಳು ಇಟ್ಟುಕೊಂಡರೆ ಅಷ್ಟು ವ್ಯಾಪಾರ ಮಾಡಲೇಬೇಕು, ಇಲ್ಲದಿದ್ದರೆ ಸಂಬಳಕ್ಕೇ ಸಾಲದು. 2017ರಲ್ಲಿ ಜಿಎಸ್‌ಟಿ ಬಂದಾಗಿನ ಮಿತಿ ಇವತ್ತಿಗೂ ಅದೇ ಇದೆ. ಅಂದಿನ ಇಡ್ಲಿಯ ಬೆಲೆ ಇವತ್ತು ಇದೆಯೇ? ಅಕ್ಕಿ, ಉದ್ದು, ಗ್ಯಾಸ್, ಕೂಲಿ ಎಲ್ಲ ಏರಿವೆ. ಬೆಲೆ ಏರಿದ್ದರಿಂದಲೇ ಮಿತಿ ದಾಟಿದವನು ದೊಡ್ಡ ವ್ಯಾಪಾರಿಯಾದನೇ? ತಿನ್ನುವ ಜನ ಅಷ್ಟೇ, ಉಳಿಯುವ ಲಾಭವೂ ಅಷ್ಟೇ.

ಜುಲೈನಲ್ಲಿ ನಾನೂ ಹಲಗೆ ತೆಗೆದೆ, ‘ನಗದು ಮಾತ್ರ’ ಎಂದು ಬರೆಸಿದೆ. ಇಂಜಿನಿಯರಿಂಗ್ ಓದುವ ಹುಡುಗರು ಬಾಗಿಲಲ್ಲಿ ನಿಂತು, ‘ಅಂಕಲ್, ಫೋನ್‌ಪೇ ಇಲ್ಲವೇ?’ ಎಂದು ಕೇಳಿ ಹೊರಟುಹೋಗುತ್ತಿದ್ದರು. ಆ ಮಕ್ಕಳ ಜೇಬಿನಲ್ಲಿ ನೋಟೇ ಇರುವುದಿಲ್ಲ. ಹಸಿದು ಬಂದವರನ್ನು ಬಾಗಿಲಿಂದ ಕಳಿಸುವುದು ನನ್ನಿಂದ ಆಗಲಿಲ್ಲ. ಎರಡೇ ವಾರದಲ್ಲಿ ಹಲಗೆ ಮತ್ತೆ ಗೋಡೆಗೆ ಏರಿತು.

ಲೆಕ್ಕದ ಮನೆ

ಯಜಮಾನರೇ, ಮಿತಿಯ ಬಗ್ಗೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸಾಮಾನು ಮಾರುವವರ 40 ಲಕ್ಷವೂ 2019ರ ಏಪ್ರಿಲ್ 1ರಿಂದ ನಿಂತಲ್ಲೇ ನಿಂತಿದೆ. ಇದನ್ನು ಏರಿಸಬೇಕಾದದ್ದು ಜಿಎಸ್‌ಟಿ ಮಂಡಳಿ. ರಾಜ್ಯ ಸರ್ಕಾರ ಒಂದೇ ಕೂತು ಬದಲಾಯಿಸಲು ಬರುವುದಿಲ್ಲ. ನಮ್ಮ ವರ್ತಕರ ಸಂಘಗಳು ದರ ಇಳಿಸಿ ಎಂದು ಕೇಳಿದಷ್ಟು ಜೋರಾಗಿ ಮಿತಿ ಏರಿಸಿ ಎಂದು ಕೇಳುವುದು ಒಳ್ಳೆಯದು.

ಕಾಯ್ದೆ ಇರುವುದು ಹೀಗೆ. ನಿಮ್ಮಂಥ ಹೋಟೆಲ್‌ಗೆ ಸಾಮಾನ್ಯ ನೋಂದಣಿಯಲ್ಲಿ 5%, ಕಾಂಪೋಸಿಷನ್ ಅಂದರೆ ರಾಜಿ ತೆರಿಗೆಯಲ್ಲೂ (ಸಣ್ಣವರು ವ್ಯಾಪಾರದ ಮೇಲೆ ಒಂದೇ ದರದಲ್ಲಿ ಕಟ್ಟುವ ಸರಳ ಪದ್ಧತಿ) 5%. ಖರೀದಿಯ ಮೇಲೆ ಕೊಟ್ಟ ತೆರಿಗೆ ಎರಡರಲ್ಲೂ ವಾಪಸ್ ಸಿಗುವುದಿಲ್ಲ. ವ್ಯತ್ಯಾಸ ಇಷ್ಟೇ: ಸಾಮಾನ್ಯದಲ್ಲಿ ಬಿಲ್ಲಿನಲ್ಲಿ ತೆರಿಗೆಯನ್ನು ಬೇರೆಯಾಗಿ ತೋರಿಸಿ ಗ್ರಾಹಕರಿಂದ ಪಡೆಯಬಹುದು. ರಾಜಿಯಲ್ಲಿ ಬೇರೆಯಾಗಿ ಪಡೆಯುವಂತಿಲ್ಲ, ನಿಮ್ಮ ಗಲ್ಲಾಪೆಟ್ಟಿಗೆಯಿಂದ ಕಟ್ಟಬೇಕು. ಬದಲಿಗೆ ಬರವಣಿಗೆ ಕಡಿಮೆ. ನಿಮ್ಮ ದಿನದ ವ್ಯಾಪಾರ 8,000 ಇದ್ದರೆ ತೆರಿಗೆ 400. ನಲವತ್ತು ರೂಪಾಯಿಯ ತಟ್ಟೆಗೆ ಎರಡು ರೂಪಾಯಿ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ

ಎರಡು ರೂಪಾಯಿ ಏರಿಸಿದರೆ ಗಿರಾಕಿ ಮುಖ ನೋಡುತ್ತಾನೆ. ಆದರೂ ಲೆಕ್ಕ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ನೋಟಿಸ್ ಬರುವ ಮೊದಲು ಯಾರಾದರೂ ಬಂದು ಕೂತು ಹೀಗೆ ಹೇಳಿದ್ದರೆ ನಮ್ಮ ಬೀದಿಯ ಜನ ಅಷ್ಟು ಹೆದರುತ್ತಿರಲಿಲ್ಲ. ಇದೊಂದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಚಿಕ್ಕಪೇಟೆ ದಿನಸಿ ಅಂಗಡಿ

ಸರ್, ನನಗೂ ಒಂದು ಬಿಡಿಸಿ ಹೇಳಿ. ನಮ್ಮಂಥ ಅಂಗಡಿಗೆ ರಾಜಿ ತೆರಿಗೆ 1% ಎಂದು ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಅದನ್ನೇ ತೆಗೆದುಕೊಳ್ಳಬಹುದೇ? ನಮ್ಮಲ್ಲಿ ಸಿಗರೇಟೂ ಮಾರುತ್ತೇವೆ, ಅದರಿಂದ ಅಡ್ಡಿಯಾಗುತ್ತದೆಯೇ?

ಲೆಕ್ಕದ ಮನೆ

ಸಿಗರೇಟು ತಯಾರಿಸುವವರಿಗೆ ರಾಜಿ ಇಲ್ಲ, ಮಾರುವವರಿಗೆ ಅಡ್ಡಿಯಿಲ್ಲ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿ ರಾಜಿಗೆ ಬರಬಹುದು. ಹೊರ ರಾಜ್ಯಕ್ಕೆ ಮಾರುವಂತಿಲ್ಲ. ವ್ಯಾಪಾರಿಗೆ 1% ಬೀಳುವುದು ತೆರಿಗೆ ಇರುವ ಸಾಮಾನಿನ ಮೇಲೆ ಮಾತ್ರ, ಬಿಡಿ ಅಕ್ಕಿಗೂ ಹಾಲಿಗೂ ಇಲ್ಲ. ನಿಮ್ಮ ಒಂಬತ್ತೂವರೆ ತಿಂಗಳ ಲೆಕ್ಕದಂತೆ ಮೂರು ತಿಂಗಳಿಗೆ ತೆರಿಗೆ ಇರುವ ವ್ಯಾಪಾರ ಸುಮಾರು 6 ಲಕ್ಷ 85 ಸಾವಿರ. ಅಂದರೆ ಮೂರು ತಿಂಗಳಿಗೆ 6,850 ರೂಪಾಯಿ.

ಆದರೆ ಕಣ್ಣು ಮುಚ್ಚಬೇಡಿ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾದ ಮೇಲೆ ಹಳೆಯ ಲೆಕ್ಕ ತಲೆಕೆಳಗಾಗಿದೆ. ತೆರಿಗೆ ಬಿಟ್ಟು 92 ರೂಪಾಯಿಗೆ ತಂದು 100ಕ್ಕೆ ಮಾರುವ ಸ್ನಾನದ ಸೋಪನ್ನು ತೆಗೆದುಕೊಳ್ಳಿ. ಮೊದಲು ಅದಕ್ಕೆ 18%. ಸಾಮಾನ್ಯ ನೋಂದಣಿಯಲ್ಲಿ ಗಿರಾಕಿಯಿಂದ 18 ರೂಪಾಯಿ ಪಡೆಯುತ್ತಿದ್ದಿರಿ, ಖರೀದಿಯಲ್ಲಿ ಕೊಟ್ಟಿದ್ದ 16 ರೂಪಾಯಿ 56 ಪೈಸೆಯನ್ನು ಕಳೆದು ಸರ್ಕಾರಕ್ಕೆ 1 ರೂಪಾಯಿ 44 ಪೈಸೆ ಕಟ್ಟುತ್ತಿದ್ದಿರಿ. ರಾಜಿಯಲ್ಲಿ 118ರ ಮೇಲೆ 1%, ಅಂದರೆ 1 ರೂಪಾಯಿ 18 ಪೈಸೆ. ರಾಜಿಯೇ ಅಗ್ಗ. ಈಗ ಅದೇ ಸೋಪಿಗೆ 5%. ಸಾಮಾನ್ಯದಲ್ಲಿ 5 ರೂಪಾಯಿ ಪಡೆದು 4 ರೂಪಾಯಿ 60 ಪೈಸೆ ಕಳೆದರೆ ಕಟ್ಟುವುದು ಕೇವಲ 40 ಪೈಸೆ. ರಾಜಿಯಲ್ಲಿ 1 ರೂಪಾಯಿ 5 ಪೈಸೆ. ಸ್ನಾನದ ಸೋಪು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್, ಬಿಸ್ಕತ್ತು ಎಲ್ಲವೂ 18ರಿಂದ 5ಕ್ಕೆ ಬಂದಿವೆ. ತುಪ್ಪ, ಬೆಣ್ಣೆ, ಮಿಕ್ಸ್ಚರ್, ಜಾಮ್ 12ರಿಂದ 5ಕ್ಕೆ. ದಿನಸಿ ಅಂಗಡಿಯಲ್ಲಿ ತೆರಿಗೆ ಇರುವ ಸಾಮಾನಿನ ಬಹುಪಾಲು ಇಂಥವೇ.

ಹಾಗೆಂದು ಸಾಮಾನ್ಯ ನೋಂದಣಿಯೇ ಮೇಲು ಎಂದೂ ಹೇಳುವುದಿಲ್ಲ. ಅದರಲ್ಲಿ ಪ್ರತಿ ಖರೀದಿಗೂ ಸರಿಯಾದ ಬಿಲ್ಲು ಬೇಕು, ರಿಟರ್ನ್ ಹೆಚ್ಚು, ಲೆಕ್ಕ ಬರೆಯುವವರ ಕೂಲಿ ಹೆಚ್ಚು. ನಿಮಗೆ ಮೂರು ತಿಂಗಳಿಗೆ ನಾಲ್ಕು ಸಾವಿರದಷ್ಟು ತೆರಿಗೆ ಉಳಿಯಬಹುದು; ಅದು ಕೂಲಿಗೇ ಹೋದರೆ ಏನು ಬಂತು? ನೀವೇ ಬರೆಯುವವರಾದ್ದರಿಂದ ಯೋಚಿಸಿ. ಇನ್ನೊಂದು ಅನುಕೂಲ ನೆನಪಿಡಿ: 30 ದಿನದೊಳಗೆ ಸಾಮಾನ್ಯ ನೋಂದಣಿಗೆ ಅರ್ಜಿ ಹಾಕಿದರೆ, ಅಂಗಡಿಯಲ್ಲಿ ಇರುವ ದಾಸ್ತಾನಿನ ಮೇಲೆ ಕೊಟ್ಟ ತೆರಿಗೆಯನ್ನೂ ಬಿಲ್ಲು ತೋರಿಸಿ ಕೇಳಬಹುದು. ರಾಜಿ ಬೇಕಿದ್ದರೆ ನೋಂದಣಿ ಅರ್ಜಿಯಲ್ಲಿಯೇ ಆಯ್ಕೆ ಮಾಡಬೇಕು. ಈಗಾಗಲೇ ಸಾಮಾನ್ಯದಲ್ಲಿ ಇರುವವರು ರಾಜಿಗೆ ಬರಬೇಕಾದರೆ ಆರ್ಥಿಕ ವರ್ಷ ಆರಂಭವಾಗುವ ಮೊದಲು, ಅಂದರೆ ಮಾರ್ಚ್ 31ರೊಳಗೆ ತಿಳಿಸಬೇಕು.

ಚಿಕ್ಕಪೇಟೆ ದಿನಸಿ ಅಂಗಡಿ

ಇದನ್ನು ಎರಡು ಸಲ ಓದಿದೆ, ಮೂರನೆಯ ಸಲ ಕಾಗದದ ಮೇಲೆ ಬರೆದು ನೋಡಿದೆ. ನೀವು ಹೇಳಿದ ದಾಸ್ತಾನಿನ ಮಾತು ನನ್ನ ಗಾಯಕ್ಕೇ ತಗುಲಿತು. ಸೆಪ್ಟೆಂಬರ್‌ನಲ್ಲಿ ದರ ಇಳಿದಾಗ ನಮ್ಮ ಅಂಗಡಿಯಲ್ಲಿ 18% ಕೊಟ್ಟು ತಂದ ಸಾಮಾನು ತುಂಬಿತ್ತು. ಗಿರಾಕಿಗಳು ದಿನಪತ್ರಿಕೆ ಹಿಡಿದುಕೊಂಡು ಬಂದು ಹೊಸ ಬೆಲೆಗೆ ಕೇಳಿದರು, ಕೇಳಿದ್ದು ನ್ಯಾಯವೇ. ಕೊಟ್ಟೆವು. ನಮ್ಮ ವಿತರಕರೊಬ್ಬರು ವ್ಯತ್ಯಾಸದ ಹಣ ಕೊಡುತ್ತೇನೆ ಎಂದವರು ಇವತ್ತಿನವರೆಗೂ ಕೊಟ್ಟಿಲ್ಲ. ಆಗ ನಮ್ಮ ನೋಂದಣಿ ಇರಲಿಲ್ಲವಾದ್ದರಿಂದ ಸರ್ಕಾರದಿಂದಲೂ ಕೇಳಲು ಬರಲಿಲ್ಲ. ಸಣ್ಣವರ ಕೈಯಿಂದ ಹೋದದ್ದು ಹೋಗಿಯೇ ಬಿಟ್ಟಿತು.

ಸಿರಾ ಗೇಟ್ ಗೃಹಿಣಿ

ದರ ಇಳಿದದ್ದು ಮನೆಗೆ ಎಷ್ಟು ತಲುಪಿತು ಎಂದು ನಾನು ಹೇಳುತ್ತೇನೆ, ಏಕೆಂದರೆ ತಿಂಗಳ ಸಾಮಾನಿನ ಬಿಲ್ಲುಗಳನ್ನು ನಾನು ಎತ್ತಿಡುತ್ತೇನೆ. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು ಸೆಪ್ಟೆಂಬರ್ 22ರಂದು 610 ಆಯಿತು. ನವೆಂಬರ್‌ನಲ್ಲಿ ಬೆಲೆ ಏರಿಸಿ 700 ಮಾಡಿದರು. ತೆರಿಗೆ ಇಳಿದದ್ದು ನಿಜ, ತುಪ್ಪ ಅಗ್ಗವಾದದ್ದು ಒಂದೂವರೆ ತಿಂಗಳು. ಹಾಲು ಹಾಕುವ ರೈತರಿಗೆ ಆ ಹೆಚ್ಚಳ ತಲುಪಿದರೆ ನನಗೆ ಬೇಸರವಿಲ್ಲ.

ನಿಜವಾಗಿ ಉಳಿದದ್ದು ಆರೋಗ್ಯ ವಿಮೆಯಲ್ಲಿ. ನಮ್ಮ ನಾಲ್ಕು ಜನರ ಪಾಲಿಸಿಗೆ ಕಂತು 24,000, ಅದರ ಮೇಲೆ 18% ತೆರಿಗೆ 4,320. ಈಗ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆ, ಜೀವ ವಿಮೆಗೆ ತೆರಿಗೆಯೇ ಇಲ್ಲ. ಡಿಸೆಂಬರ್‌ನಲ್ಲಿ ಕಟ್ಟುವಾಗ 24,000 ಮಾತ್ರ ಕಟ್ಟಿದೆ. ಶಾಲೆಯ ನೋಟ್‌ಪುಸ್ತಕ, ಪೆನ್ಸಿಲ್, ರಬ್ಬರ್‌ಗೂ ತೆರಿಗೆ ಹೋಗಿದೆ. ಜೂನ್‌ನಲ್ಲಿ ಅದರ ಗುಣ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಕಂಪನಿ ತನ್ನ ಕೆಲಸಗಾರರಿಗೆಲ್ಲ ಸೇರಿಸಿ ಮಾಡಿಸುವ ಗುಂಪು ವಿಮೆಗೆ ಈ ವಿನಾಯಿತಿ ಇಲ್ಲ, 18% ಹಾಗೆಯೇ ಇದೆ. ನನ್ನ ತಮ್ಮ ಅಪ್ಪ ಅಮ್ಮನನ್ನು ಕಂಪನಿ ಪಾಲಿಸಿಗೆ ಸೇರಿಸಿ ಸಂಬಳದಿಂದ ಅದರ ದುಡ್ಡು ಕಡಿಸಿಕೊಳ್ಳುತ್ತಿದ್ದಾನೆ. ಅಂಥವರು ಎರಡನ್ನೂ ಹೋಲಿಸಿ ನೋಡಿ.

ವಸಂತನರಸಾಪುರ ಶಿಫ್ಟ್

ಸಂಬಳದವರ ಪರವಾಗಿ ನಾನು. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ವರ್ಷಕ್ಕೆ 9 ಲಕ್ಷ. 2024-25ರ ಆರ್ಥಿಕ ವರ್ಷದಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲೇ ಸಂಬಳದವರಿಗೆ ಸಿಗುವ 75,000 ಕಡಿತವನ್ನು ಕಳೆದು 8 ಲಕ್ಷ 25 ಸಾವಿರದ ಮೇಲೆ ಸೆಸ್ (ತೆರಿಗೆಯ ಮೇಲಿನ ತೆರಿಗೆ) ಸೇರಿ 33,800 ಕಟ್ಟಿದ್ದೆ. 2025-26ರಲ್ಲಿ ಸೊನ್ನೆ. 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ, ಸಂಬಳದವರಿಗೆ 12 ಲಕ್ಷ 75 ಸಾವಿರದವರೆಗೆ. ತಿಂಗಳಿಗೆ ಸುಮಾರು 2,800 ಕೈಗೆ ಹೆಚ್ಚು ಬಂದಿತು. ಆ ಹಣದಲ್ಲಿ ಮಗಳಿಗೆ ಸೈಕಲ್ ತಂದೆ. ಸೈಕಲ್ಲಿಗೂ ತೆರಿಗೆ 12ರಿಂದ 5ಕ್ಕೆ ಇಳಿದಿತ್ತು. ಇದು ಬಂದದ್ದಕ್ಕೆ ನಾನು ಸಂತೋಷ ಪಡುತ್ತೇನೆ, ಮುಚ್ಚಿಡುವುದೇಕೆ.

ಆದರೆ ನಮ್ಮ ಶಿಫ್ಟಿನಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಹಿರಿಯ ಸಹೋದ್ಯೋಗಿಯೊಬ್ಬರ ಸಂಬಳ 12 ಲಕ್ಷ 75 ಸಾವಿರದ ಅಂಚಿನಲ್ಲಿದೆ. ಒಂದು ರೂಪಾಯಿ ದಾಟಿದರೂ 60,000 ತೆರಿಗೆ ಬೀಳುತ್ತದೆ ಎಂದು ಅವರು ಹೆಚ್ಚುವರಿ ಕೆಲಸವನ್ನೇ ಬಿಟ್ಟಿದ್ದಾರೆ. ಹೀಗೆ ಬಿಡಬೇಕೇ?

ಮಧುಗಿರಿ ನಿವೃತ್ತ ಮೇಷ್ಟರು

ಬಿಡಬೇಡಿ ಎಂದು ಅವರಿಗೆ ಹೇಳಿ. ನಾನು ಗಣಿತ ಕಲಿಸಿದವನು, ಲೆಕ್ಕ ಮಾಡಿ ತೋರಿಸುತ್ತೇನೆ. ಸಂಬಳ 13 ಲಕ್ಷ ಎಂದಿಟ್ಟುಕೊಳ್ಳಿ. 75,000 ಕಳೆದರೆ 12 ಲಕ್ಷ 25 ಸಾವಿರ. ಮೊದಲ 4 ಲಕ್ಷಕ್ಕೆ ಇಲ್ಲ, ಮುಂದಿನ 4 ಲಕ್ಷಕ್ಕೆ 5% ಅಂದರೆ 20,000, ಅದರ ಮುಂದಿನ 4 ಲಕ್ಷಕ್ಕೆ 10% ಅಂದರೆ 40,000, ಉಳಿದ 25,000ಕ್ಕೆ 15% ಅಂದರೆ 3,750. ಒಟ್ಟು 63,750. ಆದರೆ 12 ಲಕ್ಷವನ್ನು ಎಷ್ಟು ಮೀರಿದ್ದೀರೋ ಅದಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ ಎಂಬ ನಿಯಮವಿದೆ. ಮೀರಿದ್ದು 25,000, ಆದ್ದರಿಂದ ತೆರಿಗೆ 25,000, 4% ಸೆಸ್ ಸೇರಿ 26,000. ಆ ಹೆಚ್ಚುವರಿ 25,000 ಪೂರ್ತಿ ಹೋಗುತ್ತದೆ ಎಂಬ ಬೇಸರ ನ್ಯಾಯವಾದದ್ದು. ಆದರೆ ಸೆಸ್ಸಿನ ಒಂದು ಸಾವಿರ ಬಿಟ್ಟರೆ ಕೈಯಿಂದ ಹಾಕಬೇಕಾದದ್ದಿಲ್ಲ. ಸಂಬಳ ಇನ್ನಷ್ಟು ಮೇಲೆ ಹೋದಾಗ ಲಾಭ ಮತ್ತೆ ಕೈ ಸೇರತೊಡಗುತ್ತದೆ.

ಇನ್ನೆರಡು ಮಾತು. ತೆರಿಗೆ ಸೊನ್ನೆ ಎಂದು ರಿಟರ್ನ್ ಸಲ್ಲಿಸದೆ ಇರಬೇಡಿ. ಆದಾಯ 4 ಲಕ್ಷ ದಾಟಿದವರು ಸಲ್ಲಿಸಲೇಬೇಕು. ಇನ್ನು ಷೇರು ಮಾರಿ ಬಂದ ಲಾಭ 12 ಲಕ್ಷದ ರಿಯಾಯಿತಿಗೆ ಸೇರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಂಬಳದ ಜೊತೆ ಮೊಬೈಲಿನಲ್ಲಿ ಷೇರು ಕೊಂಡು ತಿಂಗಳಲ್ಲೇ ಮಾರಿ 40,000 ಗಳಿಸಿದ. ಅದಕ್ಕೆ 20% ಬೇರೆಯಾಗಿ ಕಟ್ಟಬೇಕು ಎಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ.

ನನ್ನಂಥ ಹಿರಿಯರಿಗೆ ಆದ ಅನುಕೂಲ: ಠೇವಣಿಯ ಬಡ್ಡಿ ವರ್ಷಕ್ಕೆ 50,000 ದಾಟಿದರೆ ಬ್ಯಾಂಕಿನವರು ಮೊದಲೇ ತೆರಿಗೆ ಹಿಡಿಯುತ್ತಿದ್ದರು. 2025ರ ಏಪ್ರಿಲ್‌ನಿಂದ ಅದು 1 ಲಕ್ಷ. ನನ್ನ ಬಡ್ಡಿ 86,000. ಹಿಡಿದ ಹಣಕ್ಕಾಗಿ ಪ್ರತಿ ವರ್ಷ ರಿಟರ್ನ್ ಹಾಕಿ ತಿಂಗಳುಗಟ್ಟಲೆ ಕಾಯುವುದು ತಪ್ಪಿತು.

ವಸಂತನರಸಾಪುರ ಶಿಫ್ಟ್

ಮೇಷ್ಟರೇ, ನಾಳೆಯೇ ಇದನ್ನು ಅವರಿಗೆ ತೋರಿಸುತ್ತೇನೆ. ಏಪ್ರಿಲ್‌ನಿಂದ ಆದಾಯ ತೆರಿಗೆಗೆ ಹೊಸ ಕಾಯ್ದೆಯೇ ಬರುತ್ತದಂತೆ. ಈ 12 ಲಕ್ಷದ ಅನುಕೂಲ ಹೋಗಿಬಿಡುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದಾರೆ.

ಮಧುಗಿರಿ ನಿವೃತ್ತ ಮೇಷ್ಟರು

ಹೋಗುವುದಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಏಪ್ರಿಲ್ 1, 2026ರಿಂದ ಬರುತ್ತದೆ. ಅದು ಮುಖ್ಯವಾಗಿ ಬರವಣಿಗೆಯನ್ನು ಸರಳ ಮಾಡಿದ ಕಾಯ್ದೆ: 819 ಸೆಕ್ಷನ್‌ಗಳು 536ಕ್ಕೆ ಇಳಿದಿವೆ. ನಮ್ಮಂಥವರಿಗೆ ಒಳ್ಳೆಯದಾದದ್ದು ವರ್ಷದ ಹೆಸರು. ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂಬ ಎರಡು ಹೆಸರುಗಳಲ್ಲಿ ನಲವತ್ತು ವರ್ಷ ಗೊಂದಲಪಟ್ಟಿದ್ದೇನೆ. ಇನ್ನು ಮುಂದೆ ಒಂದೇ ‘ತೆರಿಗೆ ವರ್ಷ’. 2026ರ ಮಾರ್ಚ್‌ವರೆಗಿನ ಆದಾಯಕ್ಕೆ ಜುಲೈನಲ್ಲಿ ಸಲ್ಲಿಸುವ ರಿಟರ್ನ್ ಮಾತ್ರ ಹಳೆಯ ಕಾಯ್ದೆಯ ಪ್ರಕಾರವೇ ಇರುತ್ತದೆ.

ತಿಪಟೂರು ತೆಂಗು

ರೈತರ ಕಡೆಯಿಂದ ಒಂದು ಪ್ರಶ್ನೆ ನಮ್ಮೂರಿನಲ್ಲಿ ಬಹಳ ಓಡಾಡುತ್ತಿದೆ. ನಮ್ಮ ತೋಟದ ಕೊಬ್ಬರಿ ಮಾರಿದ ಹಣ ಖಾತೆಗೆ ಬರುತ್ತದೆ. ಕೊಬ್ಬರಿಗೆ ಜಿಎಸ್‌ಟಿ ಇದೆ. ನಾವೂ ನೋಂದಣಿ ಮಾಡಿಸಬೇಕೇ ಎಂದು ಹೆದರಿ ಕೆಲವರು ವರ್ತಕರಿಗೆ ‘ನಗದೇ ಕೊಡಿ’ ಎನ್ನುತ್ತಿದ್ದಾರೆ.

ಲೆಕ್ಕದ ಮನೆ

ಬೇಡ. ಸ್ವಂತ ಬೇಸಾಯದ ಫಸಲು ಮಾರುವ ರೈತರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ. ಕೊಂಡು ಮಾರುವ ವರ್ತಕರಿಗೆ ಬೇಕು. ಹಣ ಖಾತೆಗೇ ಬರಲಿ, ಮಾರಿದ ಚೀಟಿ ಇಟ್ಟುಕೊಳ್ಳಿ. ನಗದು ಪಡೆದರೆ ನಾಳೆ ಅದು ಕೊಬ್ಬರಿಯ ಹಣ ಎಂದು ತೋರಿಸುವುದೇ ಕಷ್ಟ.

ತಿಪಟೂರು ತೆಂಗು

ಒಳ್ಳೆಯದಾಯಿತು. ಹನಿ ನೀರಾವರಿ ಪೈಪಿಗೂ ಟ್ರ್ಯಾಕ್ಟರಿಗೂ 12 ಇದ್ದದ್ದು 5 ಆಗಿದೆ, ಸಿಮೆಂಟಿಗೆ 28 ಇದ್ದದ್ದು 18. ತೋಟದ ಮನೆ ಕಟ್ಟುತ್ತಿರುವ ನಮ್ಮ ಅಣ್ಣನಿಗೆ ಸಿಮೆಂಟಿನದೇ ದೊಡ್ಡ ಅನುಕೂಲ.

ಬೀಡಿ ಕಟ್ಟುವವರ ಮಗಳು

ನಾನು ತುಮಕೂರಿನ ಹುಡುಗಿ, ಪದವಿ ಓದುತ್ತಿದ್ದೇನೆ. ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. 2026ರ ಫೆಬ್ರವರಿ 1ರಿಂದ ಬೀಡಿಯ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆ ಎಂದು ಓದಿ ಅಮ್ಮನಿಗೆ ಹೇಳಿದೆ. ‘ಸಾವಿರ ಬೀಡಿಗೆ ನನಗೆ ಎಷ್ಟು ಹೆಚ್ಚುತ್ತದೆ?’ ಎಂದು ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ತೆರಿಗೆ ಇಳಿದದ್ದು ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ. ಕೂಲಿ ಏರಬೇಕಾದರೆ ಕೂಲಿಯ ಆದೇಶ ಬೇರೆಯೇ ಆಗಬೇಕು. ಇಲ್ಲಿ ಎಲ್ಲರೂ ಉಳಿತಾಯದ ಮಾತು ಆಡುತ್ತಿದ್ದೀರಿ, ನನಗೂ ಸಂತೋಷವೇ. ಆದರೆ ಆದಾಯ ತೆರಿಗೆಯ ಮಿತಿಯನ್ನು ಜೀವಮಾನದಲ್ಲಿ ಮುಟ್ಟದವರು ಈ ಜಿಲ್ಲೆಯಲ್ಲಿ ಸಾವಿರಾರು ಮಂದಿ ಇದ್ದಾರೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಅವರಿಗೆ ತಟ್ಟುವುದು ಸೋಪು, ಎಣ್ಣೆ, ಔಷಧಿಯ ಬೆಲೆ ಒಂದೇ. ಔಷಧಿಗೆ 12ರಿಂದ 5 ಆದದ್ದು ಮಾತ್ರ ಅಮ್ಮನ ಬಿಪಿ ಮಾತ್ರೆಯ ಚೀಟಿಯಲ್ಲಿ ಕಾಣಿಸಿತು.

ಚಿಕ್ಕಪೇಟೆ ದಿನಸಿ ಅಂಗಡಿ

ಮಗಳೇ, ನೀನು ಬರೆದದ್ದನ್ನು ಮಾವನವರಿಗೆ ಓದಿ ಹೇಳಿದೆ. ನಮ್ಮ ಅಂಗಡಿಗೆ ಬರುವ ಬೀಡಿ ಕಟ್ಟುವ ತಾಯಂದಿರು ಐದು ರೂಪಾಯಿಯ ಸೋಪು, ಸ್ಯಾಷೆ ಎಣ್ಣೆಯನ್ನೇ ಕೊಳ್ಳುತ್ತಾರೆ. ಅವುಗಳಲ್ಲಿ ಹಲವದಕ್ಕೆ ಬೆಲೆ ಇಳಿಯಲಿಲ್ಲ, ಕೆಲವಕ್ಕೆ ತೂಕ ಸ್ವಲ್ಪ ಏರಿತು. ಇನ್ನು ಮೇಲೆ ಸ್ಟಾಕ್ ಬಂದಾಗ ತೂಕವನ್ನೂ ನೋಡಿ ಅವರಿಗೆ ಹೇಳುತ್ತೇನೆ.

ಲೆಕ್ಕದ ಮನೆ ಸರ್, ಕೊನೆಯದಾಗಿ ಒಂದು. ಯಜಮಾನರು ಈಗಲೂ ‘ಯುಪಿಐ ಬೇಡ, ನಗದಿನಲ್ಲೇ ಇರೋಣ’ ಎನ್ನುತ್ತಿದ್ದಾರೆ. ನನಗೆ ಬೇಕು ಅನ್ನಿಸುತ್ತದೆ, ಆದರೆ ವಾದಿಸಲು ಬರುವುದಿಲ್ಲ.

ಲೆಕ್ಕದ ಮನೆ

ಅವರಿಗೆ ಮೂರು ವಿಷಯ ಹೇಳಿ. ಮಿತಿಯ ಎಣಿಕೆಗೆ ನಗದೂ ಸೇರುತ್ತದೆ, ಕಾನೂನಿನಲ್ಲಿ ಎರಡಕ್ಕೂ ಭೇದವಿಲ್ಲ. ನಗದನ್ನು ಎಂದಾದರೂ ಬ್ಯಾಂಕಿಗೆ ಕಟ್ಟಲೇಬೇಕು. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ನಗದು ಕಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ಮೂರನೆಯದು ನಿಮಗೇ ಲಾಭದ್ದು. ಸಣ್ಣ ವ್ಯಾಪಾರಿಯು ಅಂದಾಜು ಆದಾಯದ ಲೆಕ್ಕದಲ್ಲಿ ರಿಟರ್ನ್ ಹಾಕುವಾಗ ನಗದು ವ್ಯಾಪಾರದ 8% ಆದಾಯ ಎಂದು ತೋರಿಸಬೇಕು, ಬ್ಯಾಂಕು ಅಥವಾ ಯುಪಿಐ ಮೂಲಕ ಬಂದದ್ದಾದರೆ 6%. 50 ಲಕ್ಷದ ವ್ಯಾಪಾರ ಪೂರ್ತಿ ನಗದಾದರೆ 4 ಲಕ್ಷ, ಪೂರ್ತಿ ಯುಪಿಐ ಆದರೆ 3 ಲಕ್ಷ. ಎರಡಕ್ಕೂ ಈಗ ತೆರಿಗೆ ಇಲ್ಲವಾದರೂ ವ್ಯಾಪಾರ ಬೆಳೆದಾಗ ವ್ಯತ್ಯಾಸ ತಿಳಿಯುತ್ತದೆ.

ಇಷ್ಟು ಮಾಡಿ: ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ಜುಲೈನಲ್ಲಿ ನೋಟಿಸ್ ಬಂದ ಹಲವರ ಬಳಿ ಚೀಟಿಯ ಹಣ, ಅಳಿಯ ಕಳಿಸಿದ ಹಣ, ಕೈಸಾಲ ಎಲ್ಲ ಅಂಗಡಿಯ ಕ್ಯೂಆರ್‌ಗೇ ಬಂದಿತ್ತು. ಬೇರ್ಪಡಿಸಿ ತೋರಿಸುವಷ್ಟರಲ್ಲಿ ಸಾಕಾಯಿತು.

ಚಿಕ್ಕಪೇಟೆ ದಿನಸಿ ಅಂಗಡಿ (ಹನ್ನೊಂದು ದಿನದ ಮೇಲೆ)

ಅರ್ಜಿಯನ್ನು ನಾನೇ ಹಾಕಿದೆ. ಆಧಾರ್, ಪ್ಯಾನ್, ಅಂಗಡಿಯ ಕರಾರು ಪತ್ರ, ವಿದ್ಯುತ್ ಬಿಲ್ಲು, ಬ್ಯಾಂಕ್ ಪುಸ್ತಕ ಇಷ್ಟು ಕೇಳಿತು. ಖರ್ಚಾದದ್ದು ಜೆರಾಕ್ಸಿನ ನಲವತ್ತು ರೂಪಾಯಿ. ನಾಲ್ಕನೆಯ ದಿನ ನೋಂದಣಿ ಬಂತು. ಸಾಮಾನ್ಯ ನೋಂದಣಿಯನ್ನೇ ಆರಿಸಿಕೊಂಡೆ. ಬಿಲ್ಲುಗಳನ್ನು ಹೇಗಿದ್ದರೂ ನಾನು ಎತ್ತಿಡುತ್ತೇನೆ. ದಾಸ್ತಾನಿನ ಪಟ್ಟಿ ಬರೆಯುವುದರಲ್ಲಿ ಮೂರು ರಾತ್ರಿ ಹೋಯಿತು, ಮಾವನವರು ಪಕ್ಕದಲ್ಲಿ ಕೂತು ಡಬ್ಬಿಗಳನ್ನು ಎಣಿಸಿದರು. ಹೊಸ ಚಾಲ್ತಿ ಖಾತೆಯ ಕ್ಯೂಆರ್ ಹಲಗೆಯನ್ನು ನಿನ್ನೆ ಯಜಮಾನರೇ ಮೊಳೆ ಹೊಡೆದು ಗಲ್ಲಾದ ಮುಂದೆ ಹಾಕಿದರು.

ನಮ್ಮ ಬೀದಿಯ ಇಬ್ಬರು ಅಂಗಡಿಯವರು ತಮ್ಮದನ್ನೂ ನೋಡಿಕೊಡಿ ಎಂದು ಕೇಳಿದ್ದಾರೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತೇವೆ. ಬರುವವರು ಏಪ್ರಿಲ್‌ನಿಂದ ಇಲ್ಲಿವರೆಗಿನ ಬ್ಯಾಂಕ್ ಪುಸ್ತಕ ತನ್ನಿ, ನಗದಿನ ಲೆಕ್ಕ ಬರೆದಿದ್ದರೆ ಅದನ್ನೂ ತನ್ನಿ.

ಕ್ಯಾತ್ಸಂದ್ರ ತಟ್ಟೆ ಇಡ್ಲಿ

ನಾನೂ ಬರುತ್ತೇನೆ ತಾಯಿ. ಮೂರಕ್ಕೆ ಹೋಟೆಲ್ ತೊಳೆದು ಮುಗಿದಿರುತ್ತದೆ. ನಗದಿನ ಲೆಕ್ಕ ಬರೆದಿಲ್ಲ, ಆದರೆ ದಿನಾ ನೆನೆಹಾಕಿದ ಅಕ್ಕಿಯ ಲೆಕ್ಕ ಇದೆ. ಅದನ್ನು ತರುತ್ತೇನೆ.